ಚೀಲ ಕಾಯುವವನು ನೀರಿಗಿಳಿದದ್ದು

ಮನೆಯಲ್ಲಿ ಒಬ್ಬರಿಗೆ ಕಾಲು ಕೈಕೊಟ್ಟಿತು ಅನ್ನಿ, ಉಳಿದವರು ಅವರಿಗೆ ಕೊಡುವ ಮೊದಲ ಉದ್ಯೋಗ ಚೀಲ ಕಾಯುವುದು. ಮದುವೆಮನೆಯಲ್ಲಿ ಚಪ್ಪಲಿ ರಾಶಿಯ ಪಕ್ಕ ಕುರ್ಚಿ, ಯಾಣಕ್ಕೆ ಹೋದರೆ ಟೆಂಪೋದ ಒಳಗೇ ವಾಸ. ಲಕ್ವ ಹೊಡೆದು ಎಡಗಾಲು ಎಳೆಯತೊಡಗಿದ ಮೇಲೆ ನಾನು ಕಾದ ಚೀಲಗಳಿಗೆ ಲೆಕ್ಕವಿಲ್ಲ. ಅದಕ್ಕೆ ನನ್ನ ತಕರಾರೂ ಇಲ್ಲ. ತಕರಾರಿರುವುದು ಯಾರಾದರೂ ನನ್ನ ಕಂಕುಳಿಗೆ ಕೈ ಹಾಕಿ ಎಬ್ಬಿಸಲು ಬಂದಾಗ. ಹೊನ್ನಾವರದ ಬಂದರಿನಲ್ಲಿ ದೋಣಿ ನಡೆಸಿ, ಆಮೇಲೆ ಬಲೆ-ಹಗ್ಗದ ಅಂಗಡಿ ಇಟ್ಟವನು ನಾನು. ನನ್ನನ್ನು ಮೀನಿನ ಬುಟ್ಟಿಯ ಹಾಗೆ ಎತ್ತುವುದೆಂದರೇನು? "ಮುಟ್ಟಬೇಡಿ, ನಾನೇ ಏಳ್ತೆ" ಎಂದು ಗದರುತ್ತೇನೆ. ಏಳಲು ಅರ್ಧ ಗಂಟೆ ಹಿಡಿದರೆ ಅದು ನನ್ನ ಅರ್ಧ ಗಂಟೆ.

ಹೀಗಿರುವಾಗ ಮೊಮ್ಮಗಳು ಶ್ರಾವಣಿ ರಜೆಯಲ್ಲಿ ವಾಟರ್ ಪಾರ್ಕಿಗೆ ಹೋಗಲೇಬೇಕೆಂದು ಹಟ ಹಿಡಿದಳು. "ಇಷ್ಟು ದೊಡ್ಡ ಸಮುದ್ರ ಬಿಟ್ಟು ಟಿಕೆಟ್ ತಕಂಡು ನೀರಿಗೆ ಇಳೀಬೇಕಾ?" ಎಂದೆ. "ಅಜ್ಜ, ಸಮುದ್ರದಲ್ಲಿ ಜಾರುಬಂಡಿ ಇಲ್ಲ" ಎಂದಳು. ಅವಳ ಮಾತಿಗೆ ಸೋತವನಂತೆ ನಟಿಸಿದೆನೇ ಹೊರತು ಒಳಗೊಳಗೇ ಕುಣಿದಿದ್ದೆ. ಕಾಯಿಲೆಯಾದಾಗಿನಿಂದ ಬಕೆಟ್ಟಿಗಿಂತ ಆಳದ ನೀರನ್ನು ನನಗೆ ಮುಟ್ಟಲು ಬಿಟ್ಟವರಿಲ್ಲ. ಸಮುದ್ರದ ಅಲೆ ಕಾಲು ಸೆಳೆಯುತ್ತದೆ ಎಂಬುದು ನ್ಯಾಯವೇ. ಅಲೆಯಿಲ್ಲದ ಎದೆಮಟ್ಟದ ನೀರಿಗೆ ಏನು ನೆವ ಹೇಳಿಯಾರು? ಒಂದು ಸಲ, ಕೋಲಿನ ಹಂಗಿಲ್ಲದೆ ಇರಬೇಕೆಂಬ ಆಸೆ ನನಗೆ. ಯಾರಿಗೂ ಹೇಳದೆ ಲುಂಗಿಯೊಳಗೆ ನೈಲಾನ್ ಚಡ್ಡಿ ಹಾಕಿಕೊಂಡೇ ಟೆಂಪೋ ಹತ್ತಿದೆ. ಕುಮಟಾ ಮುಟ್ಟುವಷ್ಟರಲ್ಲಿ ಸೆಕೆಗೆ ಅದು ಮೈಗಂಟಿ ಪ್ರಾಣ ತಿನ್ನುತ್ತಿತ್ತು.

ಪಾರ್ಕಿನವರನ್ನು ಬೈಯುವಂತಿಲ್ಲ. ಗೇಟಿನಲ್ಲಿ ಗಾಲಿಕುರ್ಚಿ ಇತ್ತು, ಊಟದ ಹಾಲಿಗೆ ಇಳಿಜಾರು ದಾರಿ ಇತ್ತು, ಪಾಯಿಖಾನೆಯಲ್ಲಿ ಹಿಡಿಕೆ ಕೂಡ ಇತ್ತು. ನೀರಿಗಿಳಿಯುವಲ್ಲಿ ಮಾತ್ರ ಮೆಟ್ಟಿಲು, ಹಿಡಿಯಲು ಒಂದು ಕಂಬಿಯಿಲ್ಲ. ಕಾಲಿಲ್ಲದವರು ಬರಬಹುದು, ಉಣ್ಣಬಹುದು, ಒದ್ದೆಯಾಗಬಾರದು ಎಂದು ಯಾರೋ ತೀರ್ಮಾನ ಮಾಡಿದ್ದರು.

ಹೆಂಡತಿ ಸುಮಿತ್ರೆ ನನ್ನನ್ನು ದೊಡ್ಡ ಕೊಡೆಯ ಕೆಳಗೆ ಕೂರಿಸಿ, ಚೀಲ, ಮೊಬೈಲುಗಳನ್ನು ಮಡಿಲಿಗೆ ಹಾಕಿ, "ಇಲ್ಲೇ ಕೂತಿರಿ, ಏಳೂಕೆ ಹೋಗಬೇಡಿ" ಎಂದು ಮೊಮ್ಮಗಳ ಹಿಂದೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ತಮ್ಮ ಗಣಪತಿ ಜಾರುಬಂಡಿಯಲ್ಲಿ ತಲೆ ತಿರುಗಿ ವಾಪಸು ಬಂದ. ಅಘನಾಶಿನಿಯಲ್ಲಿ ದೋಣಿ ಇಟ್ಟುಕೊಂಡವನಿಗೆ ಈ ಗತಿ! ಚೀಲಗಳನ್ನು ಅವನ ಮಡಿಲಿಗೆ ದಾಟಿಸಿದೆ.

"ಎಲ್ಲಿಗೆ ಭಾವ?"

"ಇಲ್ಲೇ."

ಲುಂಗಿ ಬಿಚ್ಚಿ, ಕೊಳದ ಮೇಲಿನ ಮೆಟ್ಟಿಲ ಮೇಲೆ ಕೂತೆ. ಓಲಾಡುವ ದೋಣಿಗೆ ಹತ್ತುವಾಗ ನಮ್ಮವರು ನಿಂತು ಕಾಲಿಡುವುದಿಲ್ಲ. ಮೊದಲು ಅಂಡು, ಆಮೇಲೆ ಕಾಲು. ಅದೇ ಕ್ರಮದಲ್ಲಿ ಒಂದೊಂದೇ ಮೆಟ್ಟಿಲು ಜಾರಿದೆ. ಕಾವಲಿನ ಹುಡುಗಿ ಸೀಟಿ ಊದುತ್ತ ಓಡಿ ಬಂದು, "ಅಜ್ಜಾ, ಎಂತ ಮಾಡ್ತ್ರಿ? ಈಜು ಬತ್ತದಾ?" ಎಂದು ಕೇಳುವಷ್ಟರಲ್ಲಿ ನಾನು ತೇಲುತ್ತಿದ್ದೆ.

ಆಹಾ, ಸುಖವೆಂದರೆ ಅದು! ಎಡಗಾಲು ಬಲಗಾಲಿನೊಡನೆ ಜಗಳವಾಡದೆ ತಾನೂ ತೇಲಿತು. ಅಂಗಾತ ಮಲಗಿದೆ, ಮಗ್ಗುಲಾದೆ, ಈಚೆಯಿಂದ ಆಚೆ ದಡಕ್ಕೆ ಹೋಗಿ ಬಂದೆ. "ಅಜ್ಜ, ನೀ ಇಲ್ಲಿ ಕುಂಟೂದೇ ಇಲ್ಲ!" ಎಂದು ಶ್ರಾವಣಿ ಕೂಗಿದಳು. ಕಣ್ಣಲ್ಲಿ ನೀರು ಬಂತು. ತಪ್ಪನ್ನು ಕ್ಲೋರಿನ್ ಮೇಲೆ ಹಾಕಿದೆ. ಸುಮಿತ್ರೆ ಸೊಂಟಕ್ಕೆ ಕೈಯಿಟ್ಟು "ಅಯ್ಯೋ, ಈ ಮನುಷ್ಯ!" ಅಂದವಳು, ಮೇಲೆ ಬನ್ನಿ ಅನ್ನಲಿಲ್ಲ.

ಬರುವುದು ಹೇಗೆಂದು ನಾನೂ ಯೋಚಿಸಿರಲಿಲ್ಲ. ಊಟದ ಹೊತ್ತಿಗೆ ಎಲ್ಲರನ್ನೂ ಹೊರಗೆ ಕರೆದರು. ಮೆಟ್ಟಿಲಿಗೆ ಬೆನ್ನು ಕೊಟ್ಟು ಏರಹೊರಟರೆ, ನೀರು ಇಷ್ಟು ಹೊತ್ತು ಹೊತ್ತುಕೊಂಡಿದ್ದ ಭಾರವನ್ನೆಲ್ಲ ಒಟ್ಟಿಗೆ ವಾಪಸು ಕೊಟ್ಟಿತು. "ಮುಟ್ಟಬೇಡಿ" ಎಂದೆ, ಜಾರಿದೆ. ಮತ್ತೊಮ್ಮೆ "ಮುಟ್ಟಬೇಡಿ" ಎಂದೆ, ಮತ್ತೊಮ್ಮೆ ಜಾರಿದೆ. ದಡದಲ್ಲಿ ಜನ ಸೇರಿತು. ನನಗೆ ನೀರೊಳಗೇ ಬೆವರು.

ಕಡೆಗೆ ನಾನೇ ತೋಳು ಅಗಲಿಸಿದೆ. ಒಂದು ಕಂಕುಳಿಗೆ ಗಣಪತಿ, ಇನ್ನೊಂದಕ್ಕೆ ಸೀಟಿಯ ಹುಡುಗಿ, ಕಾಲಿನ ಕಡೆ ಸುಮಿತ್ರೆ ಕೈ ಹಾಕಿದರು. ಇವನು ಎಳೆದಾಗ ಹುಡುಗಿ ಬಿಡುತ್ತಾಳೆ, ಅವಳು ಎಳೆದಾಗ ಇವನು ಉಸಿರು ಬಿಡುತ್ತಾನೆ. ಹೀಗೆ ಎಳೆದರೆ ಹೊರೆ ಮೇಲೆ ಬಂದೀತೇ? ದೋಣಿಯನ್ನು ಮರಳಿಗೆ ಎಳೆಯುವಾಗ ಒಬ್ಬ ಕೂಗುತ್ತಾನೆ, ಆ ಕೂಗಿಗೆ ಎಲ್ಲರೂ ಒಟ್ಟಿಗೆ ಜಗ್ಗುತ್ತಾರೆ. ನಮ್ಮ ದಡದಲ್ಲಿ ಕೂಗುತ್ತಿದ್ದವನು ನಾನೇ. ಆ ತಪ್ಪು ಎಳೆತ ನೋಡಲಾರದೆ ಗಂಟಲು ತಾನಾಗಿ ತೆರೆಯಿತು: "ಐಸಾ!"

ಮೂವರೂ ಒಟ್ಟಿಗೆ ಜಗ್ಗಿದರು. ಮತ್ತೆ "ಐಸಾ!" ದಡದ ಜನರೂ ದನಿಗೂಡಿಸಿದರು. ನಾನು ಮೇಲಿದ್ದೆ.

ಗಣಪತಿ ಏದುಸಿರು ಬಿಡುತ್ತ, "ಭಾವ, ಇಷ್ಟು ದೋಣಿ ಎಳದೆ. ದೋಣಿಯೇ ಐಸಾ ಕೂಗೂದನ್ನ ಇವತ್ತೇ ಕಂಡದ್ದು" ಎಂದ. ಬೇರೆ ದಿನವಾಗಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಆದರೆ ಊಟವಾದ ಮೇಲೆ ನಾನು ಮತ್ತೊಮ್ಮೆ ಇಳಿಯುವವನಿದ್ದೆ. ಎಳೆಯುವವರ ಹತ್ತಿರ ಜಗಳ ಕಟ್ಟಿಕೊಳ್ಳುವುದು ಬೇಡವೆಂದು, ಉಣ್ಣಲು ಕೂತಾಗ ಅವನ ಎಲೆಗೆ ನನ್ನ ಹಪ್ಪಳವನ್ನೂ ಹಾಕಿದೆ.