ಕುಕ್ಕುಟಪಕ್ಷದ ದಿಗ್ವಿಜಯ

ಮಂಗಳೂರಿನಲ್ಲೇ ಹುಟ್ಟಿ, ಮಂಗಳೂರಿನಲ್ಲೇ ಬೆಳೆದು, ಮೀನು ತಿನ್ನದ ಗಂಡಸೊಬ್ಬ ಇದ್ದಾನೆಂದರೆ ನೀವು ನಂಬುವುದಿಲ್ಲ. ಹಿತೇಶನನ್ನು ಹೆತ್ತ ತಾಯಿಯೇ ನಂಬಿರಲಿಲ್ಲ. ಒಂದನೇ ಕ್ಲಾಸಿನಲ್ಲಿ ಬಂಗುಡೆಯ ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡ ಮೇಲೆ ಅವನು ಇಡೀ ಅರಬ್ಬೀ ಸಮುದ್ರಕ್ಕೇ ಟೂ ಬಿಟ್ಟಿದ್ದ. ಅವನಿಗೆ ಕೋಳಿಯೇ ಸರ್ವಸ್ವ. ಹೆಂಡತಿ ನಿರೀಕ್ಷಾಳಿಗೋ ಕೋಳಿಯೆಂದರೆ ಹತ್ತಿ ಜಗಿದ ಹಾಗೆ. ("ಕೂತಲ್ಲೇ ಕೂತು ತಿಂದು ಕೊಬ್ಬಿದ್ದರಲ್ಲಿ ಎಂತ ರುಚಿ ಉಂಟು?" ಎನ್ನುವಾಗ ಅವಳು ಗಂಡನ ಹೊಟ್ಟೆಯನ್ನೇ ಏಕೆ ನೋಡುತ್ತಾಳೆಂದು ಅವನಿಗೆ ಇನ್ನೂ ತಿಳಿದಿಲ್ಲ.) ಮದುವೆಗೆ ಮೊದಲು ಹಿರಿಯರು ಜಾತಕ ನೋಡಿದರು, ಗೋತ್ರದಂಥ ಬಳಿಯನ್ನೂ ನೋಡಿದರು. ಸಾರಿನ ಪಾತ್ರೆಯೊಳಗೆ ಇಣುಕುವ ಬುದ್ಧಿ ಮಾತ್ರ ಯಾರಿಗೂ ಬರಲಿಲ್ಲ.

ಮನೆಯಲ್ಲಿರುವುದು ಇಬ್ಬರೇ. ಇಬ್ಬರಿಗಾಗಿ ಎರಡು ಬಗೆಯ ಗಸಿಗೆ ತೆಂಗಿನಕಾಯಿ ತುರಿಯುತ್ತ ಕೂರುವವರು ಯಾರು? ಹಾಗಾಗಿ ಭಾನುವಾರ ಒಂದೇ ಗಸಿ, ಅದೂ ಮೀನಿನದ್ದು. ಹಿತೇಶ್ ಉಪ್ಪಿನಕಾಯಿ ನೆಕ್ಕಿಕೊಂಡು ಉಣ್ಣುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ ಅವನ ತಾಳ್ಮೆಯ ಕಟ್ಟೆ ಒಡೆಯಿತು.

"ಇವತ್ತು ಕೋಳಿ ಆಗಲೇಬೇಕು."

"ಮಾಡಿ, ಯಾರು ಬೇಡ ಅಂತಾರೆ? ನಾನು ಮುಟ್ಟುದಿಲ್ಲ, ಅಷ್ಟೇ."

"ಹಾಗಾದ್ರೆ ನನ್ನದೊಂದು ಪಾತ್ರೆ, ನಿನ್ನದೊಂದು ಪಾತ್ರೆ. ಯಾರದ್ದು ಮೊದಲು ಖಾಲಿ ಆಗ್ತದೋ, ಇನ್ನು ಎಲ್ಲ ಭಾನುವಾರವೂ ಅವರದ್ದು."

"ಆಮೇಲೆ ಮಾತು ತಪ್ಪುವ ಹಾಗಿಲ್ಲ ಮಾರಾಯ್ರೆ."

"ತಪ್ಪಿದವರು ಗಂಡಸೇ ಅಲ್ಲ!" ಎಂದು ಹಿತೇಶ್ ಗುಡುಗಿದ. (ಈ ಷರತ್ತು ಅವಳಿಗೆ ಅನ್ವಯಿಸುವುದೇ ಇಲ್ಲವೆಂದು ಆ ಆವೇಶದಲ್ಲಿ ಅವನಿಗೆ ಹೊಳೆಯಲಿಲ್ಲ.)

ನಿರೀಕ್ಷಾ ಬಂಗುಡೆ ತರಲು ಚೀಲ ಹಿಡಿದು ಬಿಜೈ ಮಾರ್ಕೆಟ್ಟಿಗೆ, ಮೀನು ಮಾರುವ ಜಯಕ್ಕನ ಹತ್ತಿರ ಹೊರಟಳು. ಹಿತೇಶ್ ಕೆಳಗಿನ ಅಂಗಡಿಯಿಂದ ಕೋಳಿ ಕಡಿಸಿಕೊಂಡು ಬಂದು ಅಡುಗೆಮನೆಯನ್ನು ವಶಪಡಿಸಿಕೊಂಡ. ಆಗ ನೋಡಿದರೆ ರಾಜ್ಯದಲ್ಲಿ ಬರಗಾಲ. ಹಿಂದಿನ ದಿನವೆಲ್ಲ ನೆಂಟರ ಮನೆಯ ಮೆಹಂದಿಯಲ್ಲಿ ಕಳೆದು ಸಾಮಾನು ತರುವುದೇ ಮರೆತುಹೋಗಿತ್ತು. ಇದ್ದದ್ದು ಎರಡು ಈರುಳ್ಳಿ, ಒಂದು ಕಟ್ಟು ಒಣರೊಟ್ಟಿ. ತೆಂಗಿನಕಾಯಿ ಇಲ್ಲ, ಮೆಣಸೂ ಇಲ್ಲ. ಹೆಂಡತಿಗೆ ಫೋನ್ ಮಾಡಿ ಕೇಳಬಹುದಿತ್ತು, ಆದರೆ ಯುದ್ಧಕಾಲದಲ್ಲಿ ಶತ್ರುವಿನ ಸಲಹೆ ಕೇಳುವುದುಂಟೇ?

ಫ್ರಿಜ್ಜು ತೆರೆದವನ ಕಣ್ಣಿಗೆ ಸ್ಟೀಲಿನ ಡಬ್ಬಿಯೊಂದು ಬಿತ್ತು. ಒಳಗೆ ಅರೆದಿಟ್ಟ ಮಸಾಲೆ, ಕೆಂಪಗೆ, ನುಣ್ಣಗೆ. ಕೆಂಪು ಮಸಾಲೆ ಕೋಳಿಗಲ್ಲದೆ ಇನ್ನೇತಕ್ಕೆ! (ಮೀನಿನ ದಿನ ಅಡುಗೆಮನೆಯ ಹೊಸ್ತಿಲೇ ತುಳಿಯದವನಿಗೆ ಅದರ ಮಸಾಲೆಯೂ ಕೆಂಪೆಂದು ಗೊತ್ತಾಗುವುದಾದರೂ ಹೇಗೆ?) ಡಬ್ಬಿ ತೊಳೆದ ನೀರನ್ನೂ ಬಿಡದೆ ಎಲ್ಲವನ್ನೂ ಕೋಳಿಗೆ ಸುರಿದು, ಶೂರನಂತೆ ಸೌಟು ತಿರುವಿದ.

ಮಾರ್ಕೆಟ್ಟಿನಿಂದ ಬಂದ ನಿರೀಕ್ಷಾ ಫ್ರಿಜ್ಜು ತೆರೆದು ಹೌಹಾರಿದಳು.

"ನನ್ನ ಬಂಗುಡೆಯ ಮಸಾಲೆ ಎಲ್ಲಿ?"

"ಎಂತ ಬಂಗುಡೆಯ ಮಸಾಲೆ? ಅದು ಕೋಳಿದ್ದಲ್ವಾ?"

"ಹುಳಿ ಹಾಕಿ, ಓಮ ಹಾಕಿ, ಮೊನ್ನೆಯೇ ಕಡೆದಿಟ್ಟದ್ದು ಮಾರಾಯ್ರೆ!"

ಹಿತೇಶ್ ಧೈರ್ಯ ಮಾಡಿ ಕೋಳಿಯ ತುಂಡೊಂದನ್ನು ಬಾಯಿಗಿಟ್ಟ. ಅಯ್ಯೋ, ಮೀನಿಲ್ಲದ ಮೀನುಸಾರು! ನಾಲಿಗೆ ತನ್ನಷ್ಟಕ್ಕೆ ಮುಳ್ಳು ಹುಡುಕತೊಡಗಿತು. ತಟ್ಟೆ ದೂರ ತಳ್ಳಿ ಅವನು ಮೂಲೆಯ ಕುರ್ಚಿಯಲ್ಲಿ ಕುಸಿದ.

"ಎಷ್ಟು ಹಾಳು ಮಾಡಿದ್ದೀರಿ ನೋಡುವ," ಎಂದು ನಿರೀಕ್ಷಾ ರೊಟ್ಟಿಯ ಚೂರೊಂದನ್ನು ಸಾರಿಗೆ ಅದ್ದಿ ಬಾಯಿಗೆ ಹಾಕಿಕೊಂಡಳು. ಬೈಗುಳಕ್ಕೆಂದು ತೆರೆದ ಬಾಯಿಗೆ ಇನ್ನೊಂದು ಚೂರು ಅದ್ದಿ ಹಾಕಿಕೊಂಡಳು. ಆಮೇಲೆ ಪಾತ್ರೆಯನ್ನೇ ಹತ್ತಿರ ಎಳೆದುಕೊಂಡು ಕೂತಳು. ಕೋಳಿಯ ಕಾಲು ಹೋಯಿತು, ರೆಕ್ಕೆ ಹೋಯಿತು, ಎದೆಯೂ ಹೋಯಿತು. ಕೊನೆಗೆ ಪಾತ್ರೆಯ ತಳವನ್ನೂ ರೊಟ್ಟಿಯಲ್ಲಿ ಸವರಿ ತಿಂದು ತೇಗಿದಳು.

"ಗೆದ್ದದ್ದು ನೀವೇ ಮಾರಾಯ್ರೆ! ನನ್ನ ಪಾತ್ರೆ ಒಲೆಗೇ ಏರಲಿಲ್ಲ, ನಿಮ್ಮದು ಖಾಲಿ. ಇನ್ನು ಎಲ್ಲ ಭಾನುವಾರವೂ ಕೋಳಿಯೇ. ಇದೇ ಮಸಾಲೆ. ಕೈ ಮಾತ್ರ ನಿಮ್ಮದೇ ಆಗ್ಬೇಕು."

ವಿಜಯಿ ಹಿತೇಶ್ ಹಸಿದ ಹೊಟ್ಟೆಯಲ್ಲಿ ಒಣರೊಟ್ಟಿ ಕಡಿಯುತ್ತಿದ್ದಾಗ, ಅವಳು ಆಗಲೇ ತಾಯಿಗೆ ಫೋನ್ ಹಚ್ಚಿದ್ದಳು.

"ಅಮ್ಮ, ಬರುವ ಭಾನುವಾರ ಇಲ್ಲಿಗೇ ಬನ್ನಿ, ಇವರೇ ಕೋಳಿ ಮಾಡ್ತಾರೆ. ಹೆದರ್ಬೇಡಿ ಅಮ್ಮ, ಸ್ವಲ್ಪವೂ ಕೋಳಿಯ ಹಾಗೆ ಇರುದಿಲ್ಲ!"