ಪುಟ್ಟ ಕಂಪ್ಯೂಟರಿನಲ್ಲಿ ಉಳಿದ ಒಡಪು

ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಎಂ.ಎ. ಓದುವಾಗಲೇ ಈ ಅನುಮಾನ ಶುರುವಾಯಿತು. ಅದಕ್ಕೇ ದಿನಚರಿ ಬರೆಯುವ ಅಭ್ಯಾಸ ಮಾಡಿಕೊಂಡೆ. ನೆನಪು ಸುಳ್ಳು ಹೇಳಿದರೂ ಶಾಯಿ ಹೇಳುವುದಿಲ್ಲ ಎಂಬ ಧೈರ್ಯ. ಆದರೆ ಹಳೆಯ ಡೈರಿಗಳನ್ನು ತೆರೆದರೆ ಅಲ್ಲಿರುವ ಮನುಷ್ಯ ನನಗಿಂತ ಚುರುಕು, ನನಗಿಂತ ಧೈರ್ಯವಂತ, ಮಾತಿಗೆ ಮಾತು ತಕ್ಷಣ ಕೊಡುವವನು. ನನಗೋ ಸರಿಯಾದ ಉತ್ತರ ಹೊಳೆಯುವುದು ಬಸ್ಸಿಳಿದು ಮನೆ ಮುಟ್ಟಿದ ಮೇಲೆ. ಹಾಗಾದರೆ ಇಷ್ಟು ವರ್ಷ ನನ್ನ ಡೈರಿ ಬರೆದವನು ಯಾರು?

ಉದಾಹರಣೆಗೆ ನನ್ನ ಮದುವೆಯ ಪುಟ. ‘ಬಾಗಿಲಲ್ಲಿ ಸ್ವಂತ ಒಡಪು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು’ ಎಂದು ನೀಲಿ ಶಾಯಿಯಲ್ಲಿ ಸ್ಪಷ್ಟವಾಗಿದೆ. ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಸುಮ್ಮನೆ ಹೇಳುವಂತಿಲ್ಲ, ಪ್ರಾಸ ಕೂಡಿಸಿ ಎರಡು ಸಾಲಿನೊಳಗೆ ಸಿಕ್ಕಿಸಿ ಹೇಳಬೇಕು. ಅದೇ ಒಡಪು. ಹೇಳುವ ತನಕ ಹೆಂಗಸರು ಹೊಸ್ತಿಲು ದಾಟಗೊಡುವುದಿಲ್ಲ. ಭಾಲ್ಕಿಯಲ್ಲಿ, ಹೆಂಡತಿಯ ತವರಿನ ಬಾಗಿಲಲ್ಲಿ, ಡಾಬಕಾದ ಗೋದಾ ಕಾಕು ಎರಡೂ ಕೈ ಚಾಚಿ ಅಡ್ಡ ನಿಂತಿದ್ದರು. ತಾಯಿಯಿಲ್ಲದ ನನ್ನ ಹೆಂಡತಿ ಸುನಂದಾಳನ್ನು ಬೆಳೆಸಿದ ಚಿಕ್ಕಮ್ಮ ಅವರು. ಕೋಪ ಬಂದರೆ ಮರಾಠಿ, ಪ್ರೀತಿ ಬಂದರೆ ಕನ್ನಡ. ಅಂಥವರ ಎದುರು ನಾನು ನಿಂತ ನಿಲುವಿನಲ್ಲೇ ಒಡಪು ಕಟ್ಟಿದೆ ಎಂದು ಡೈರಿ ಹೇಳುತ್ತದೆ. ನಾನೂ ಹನ್ನೊಂದು ವರ್ಷ ಹಾಗೆಯೇ ಹೇಳಿಕೊಂಡು ಬಂದೆ:

‘ಕರಿ ನೆಲದಾಗ ಬಿಳಿ ಜೋಳ, ಕಣಜ ತುಂಬಲಿ ಸುಖದಾಗ,
ಸುನಂದಾ ಅಂದ್ರ ಸಾಕು ನೋಡ್ರಿ, ಬೆಳಕ ಬೀಳ್ತದ ಮುಖದಾಗ.’

ಇದರಿಂದ ನನಗೆ ಬಳಗದಲ್ಲಿ ಒಡಪಿನ ಪಂಡಿತನೆಂಬ ಹೆಸರು ಬಂತು. ಕಮಲನಗರ, ಠಾಣಾ ಕುಶನೂರ, ಎಲ್ಲೇ ಮದುವೆಯಾಗಲಿ, ಬೆವರುತ್ತಿರುವ ಮದುಮಗನನ್ನು ನನ್ನ ಬಳಿ ಕರೆತರುತ್ತಿದ್ದರು. ನಾನು ನನ್ನ ಕಥೆಯಿಂದಲೇ ಪಾಠ ಆರಂಭಿಸುತ್ತಿದ್ದೆ. ಕಥೆ ಶುರುವಾದ ಕೂಡಲೇ ಸುನಂದಾ ಚಹಾ ಇಡಲು ಒಳಗೆ ಹೋಗುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆ.

ನಾನು ಹೇಳುತ್ತಿರುವುದು ವೆಬ್ಬಿನ ವಿಡಿಯೋ ನೋಡಲು ಪ್ಲಗಿನ್ ಎಂಬ ಪುಡಿ ತಂತ್ರಾಂಶ ಬೇಕಾಗಿದ್ದ ಕಾಲ ಮುಗಿಯುತ್ತ ಬಂದಿದ್ದ ವರ್ಷದ ಮಾತು. ಅದರ ಹಿಂದಿನ ವರ್ಷ ಕಾಕು ತೀರಿಕೊಂಡಿದ್ದರು. ಒಂದು ದಿನ ಸುನಂದಾ ಮೆಂತ್ಯೆ ಸೊಪ್ಪು ಬಿಡಿಸುತ್ತ, ಕಾಕುವಿನ ಮುಖ ಕಣ್ಣಿಗೆ ಕಟ್ಟುತ್ತದೆ, ದನಿ ಮಾತ್ರ ದಿನದಿನಕ್ಕೆ ಹಿಂದೆ ಸರಿಯುತ್ತಿದೆ ಎಂದಳು. ಮದುವೆಯ ವಿಡಿಯೋದಲ್ಲಿ ಆ ದನಿ ಇರಬೇಕಲ್ಲ ಎಂದಳು. ಇತ್ತು ನಿಜ. ಆದರೆ ನಮ್ಮ ಬಳಿಯಿದ್ದ ಒಂದೇ ಡಿಸ್ಕನ್ನು ಸ್ವತಃ ಕಾಕುವೇ ಡಾಬಕಾಕ್ಕೆ ಒಯ್ದು, ಕಾಳು ಹಿಡಿದ ಜೋಳದ ಹೊಲದಲ್ಲಿ ಕೋಲಿಗೆ ಕಟ್ಟಿ ತೂಗಿಬಿಟ್ಟಿದ್ದರು. ಹೊಳೆಯುವುದನ್ನು ಕಂಡರೆ ಗಿಳಿ ಹತ್ತಿರ ಬರುವುದಿಲ್ಲವಂತೆ. ಆ ಸುಗ್ಗಿಯೆಲ್ಲ ನಮ್ಮ ಮದುವೆ ಜೋಳದ ತೆನೆಗಳ ಮೇಲೆ ಬಿಸಿಲಿಗೆ ತಿರುಗುತ್ತಿತ್ತು, ಅಕ್ಷತೆ, ಆರತಿ, ನನ್ನ ಒಡಪು ಎಲ್ಲವೂ ಒಂದು ಬಣ್ಣದ ಮಿಂಚಾಗಿ. ಈಗಲೂ ಕಣ್ಣು ಮುಚ್ಚಿದರೆ ನನಗೆ ಮದುವೆಗಿಂತ ಅದೇ ಚೆನ್ನಾಗಿ ಕಾಣುತ್ತದೆ. ಆ ಹೊಲಕ್ಕೆ ನಾನು ಹೋಗಿದ್ದೆನೋ ಇಲ್ಲವೋ, ಪ್ರಮಾಣ ಮಾಡಲಾರೆ.

ಭಾಲ್ಕಿಯ ಫೋಟೋ ಸ್ಟುಡಿಯೋದವನು ಪ್ರಚಾರಕ್ಕೆಂದು ಎಂಟು ನಿಮಿಷದ ತುಣುಕೊಂದನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿದ್ದು ಆಗ ನೆನಪಾಯಿತು. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಸೈಟು ಮಾತ್ರ ಯಾರ ಗಮನಕ್ಕೂ ಬಾರದೆ ಉಳಿದಿತ್ತು. ಸುನಂದಾಳ ಮೊಬೈಲಿನಲ್ಲಿ ತೆರೆದರೆ ಬೂದು ಬಣ್ಣದ ಒಂದು ಚೌಕ. ನಾನು ಗ್ರಂಥಪಾಲಕನಾಗಿರುವ ಔರಾದಿನ ಕಾಲೇಜಿನ ಹೊಸ ಕಂಪ್ಯೂಟರಿನಲ್ಲಿ ತೆರೆದರೆ, ಇದಕ್ಕೆ ಬೇಕಾದ ಪ್ಲಗಿನ್ನನ್ನು ನಾವಿನ್ನು ಒಳಗೆ ಬಿಡುವುದಿಲ್ಲ ಎಂಬ ಶಿಸ್ತಿನ ಉತ್ತರ.

ಉಳಿದದ್ದು ನನ್ನ ನೆಟ್‌ಬುಕ್. ಅಂಗೈ ಚಾಚಿದರೆ ಮುಚ್ಚಿಹೋಗುವಷ್ಟು ಪುಟ್ಟ ಕಂಪ್ಯೂಟರ್. ಬೀದರಿನಿಂದ ಔರಾದಿಗೆ ದಿನಾ ಬಸ್ಸಿನಲ್ಲಿ ಹೋಗುವವನು, ದಾರಿಯಲ್ಲಿ ಬರೆಯಬಹುದೆಂದು ಕೊಂಡಿದ್ದೆ. ಬರೆದದ್ದರಲ್ಲಿ ಅರ್ಧ ಅಕ್ಷರ ನನ್ನವು, ಅರ್ಧ ರಸ್ತೆಯ ಗುಂಡಿಗಳವು. ವಿದ್ಯುತ್ತು ಉಳಿಸಲೆಂದು ಅದಕ್ಕೆ ಹುಟ್ಟುತ್ತಲೇ ದುರ್ಬಲ ಚಿಪ್ ಕೊಟ್ಟಿದ್ದರು. ಕೆಲವು ವರ್ಷಗಳಿಂದ ಅದು ಕಪಾಟಿನಲ್ಲಿ ಮಲಗಿತ್ತು. ಬೀದರಿನಲ್ಲಿ ಇಂಥವನ್ನು ರಿಪೇರಿ ಮಾಡುವ ಮಹಬೂಬ್ ಭಾಯಿ ಅದನ್ನು ತೆರೆದು, ಹಳೆಯ ಪ್ಲಗಿನ್ ಹಾಗೇ ಇರುವುದನ್ನು ಕಂಡು, ನಾಡಿ ನೋಡುವವರಂತೆ ತಲೆದೂಗಿ, ಶಕ್ತಿ ಕಡಿಮೆ, ನೆನಪು ಗಟ್ಟಿ ಎಂಬ ತೀರ್ಪು ಕೊಟ್ಟರು.

“ಇದರಾಗ ಜಾನ್ ಕಮ್ಮಿ ಅದರಿ ಸರ್, ಖರೇ ಯಾದ್ ಪಕ್ಕಾ ಅದ. ಅಪ್‌ಡೇಟ್ ಮಾಡ್ಲೇನು ಅಂತ ಕೇಳ್ತದ, ಬ್ಯಾಡ ಅನ್ರಿ. ಒಮ್ಮಿ ಹೂಂ ಅಂದ್ರಿ, ಖೇಲ್ ಖತಂ. ಹೊಸಾದು ಹಳೇದಕ್ಕ ನುಂಗಿಬಿಡ್ತದ.”

ಮರುದಿನ ಭಾನುವಾರ. ಸುನಂದಾ ತನ್ನ ಅಕ್ಕನನ್ನು ನೋಡಲು ಭಾಲ್ಕಿಗೆ ಹೋಗಿದ್ದಳು, ಸಂಜೆ ಬಂದು ಇಬ್ಬರೂ ಕೂತು ನೋಡೋಣ ಎಂದಿದ್ದಳು. ನಾನು ಮಧ್ಯಾಹ್ನವೇ ಕೂತೆ, ಎಲ್ಲ ಸರಿಯಿದೆಯೇ ಎಂದು ಪರೀಕ್ಷಿಸಲು ಅಂತ. ಕಿಟಕಿಯಾಚೆ ಕೋಟೆಯ ಕಡೆಯಿಂದ ಪಾರಿವಾಳಗಳು ಬಂದು ನೀರಿನ ಟ್ಯಾಂಕಿನ ಮೇಲೆ ತೂಕಡಿಸುತ್ತಿದ್ದವು. ವಿಡಿಯೋದ ಕೆಂಪು ಗೆರೆಯೂ ಅದೇ ವೇಗದಲ್ಲಿ ತುಂಬುತ್ತಿತ್ತು. ಕೊನೆಗೆ ಚಿತ್ರ ಬಂತು, ಔರಾದಿನ ಬಸ್ಸಿನಂತೆ, ಒಂದು ಊರಿಗೆ ನಿಂತು, ಯೋಚಿಸಿ, ಮತ್ತೊಂದು ಊರಿಗೆ. ಕೈಯೆತ್ತಿದ ಅತ್ತಿಗೆ ಕೈಯೆತ್ತಿಕೊಂಡೇ ಇದ್ದಳು. ಎಸೆದ ಅಕ್ಷತೆ ಗಾಳಿಯಲ್ಲೇ ಮನಸ್ಸು ಬದಲಿಸಿದಂತೆ ನಿಂತಿತ್ತು. ದನಿ ಮಾತ್ರ ಚಿತ್ರಕ್ಕೆ ಕಾಯದೆ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ನೆನಪೂ ಹೀಗೆಯೇ ಬರುತ್ತದಲ್ಲ, ಅದರಲ್ಲೂ ಮುಖ ಒಂದು ಕಡೆ, ಮಾತು ಇನ್ನೊಂದು ಕಡೆ, ಎಂದು ನಾನು ಅರೆನಿದ್ದೆಯ ತತ್ತ್ವಜ್ಞಾನದಲ್ಲಿ ತೇಲುತ್ತಿರುವಾಗ ಬಾಗಿಲ ದೃಶ್ಯ ಬಂತು.

ಕಾಕು ಬಾಗಿಲಿಗೆ ಅಡ್ಡ ಇದ್ದರು. ನಾನು ಬಾಸಿಂಗ ಕಟ್ಟಿಕೊಂಡು ಬಾಯಿ ಮುಚ್ಚಿ ನಿಂತಿದ್ದೆ. ಹಿಂದೆ ನಗು. ಹುಡುಗನಿಗೆ ಬಾಯಿ ಇಲ್ಲೇನು ಎಂದು ಯಾರೋ ಕೇಳಿದರು. ಮುಂದಿನ ಚಿತ್ರದಲ್ಲಿ ಕಾಕು ನನ್ನ ಎಡಗಿವಿಯತ್ತ ಬಗ್ಗಿದ್ದರು. ಸ್ಟುಡಿಯೋದವನ ಮೈಕು ಇಬ್ಬರ ನಡುವೆ ಇತ್ತು. ಇಯರ್‌ಫೋನಿನಲ್ಲಿ ಮೆಲ್ಲಗೆ ಆ ದನಿ ಬಂತು.

“ಹೆದರಬ್ಯಾಡಪ್ಪಾ. ನಾ ಹೇಳ್ದಂಗ ಹೇಳು. ಕರಿ ನೆಲದಾಗ ಬಿಳಿ ಜೋಳ...”

ಅದರ ಹಿಂದೆಯೇ, ನೀರಿಗೆ ಬಿದ್ದವನ ದನಿಯಲ್ಲಿ, ನಾನು. ಒಂದೊಂದು ತುಂಡು ಅವರು ಪಿಸುಗುಟ್ಟುವುದು, ಒಂದೊಂದು ತುಂಡು ನಾನು ಕೂಗುವುದು. ಪರೀಕ್ಷೆಯಲ್ಲಿ ಮೇಲ್ವಿಚಾರಕರೇ ಚೀಟಿ ಕೊಟ್ಟು ಬರೆಸಿದ ಹಾಗೆ. ಆಮೇಲೆ ಚಪ್ಪಾಳೆ. ಚಪ್ಪಾಳೆ ಇದ್ದದ್ದು ನಿಜ, ಡೈರಿಯ ಆ ಭಾಗ ಸರಿ.

ನನಗೆ ಇದು ಗೊತ್ತಿರಲಿಲ್ಲವೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಗೊತ್ತಿರಲಿಲ್ಲ. ಇನ್ನೂ ಪ್ರಾಮಾಣಿಕವಾಗಿ ಹೇಳುವುದಾದರೆ, ಒಡಪಿನ ಪಾಠ ಮಾಡುವಾಗೆಲ್ಲ ಎಡಗಿವಿ ಸ್ವಲ್ಪ ಬೆಚ್ಚಗಾಗುತ್ತಿತ್ತು.

ಸಂಜೆ ಸುನಂದಾ ಬರುತ್ತಾಳೆ, ಕೇಳುತ್ತಾಳೆ. ಹನ್ನೊಂದು ವರ್ಷ ಕಟ್ಟಿದ್ದ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಪರದೆಯ ಮೂಲೆಯಲ್ಲಿ ಹಳದಿ ಪಟ್ಟಿಯೊಂದು ಇಣುಕಿ, ಪ್ಲಗಿನ್ ಹಳೆಯದಾಗಿದೆ, ಅಪ್‌ಡೇಟ್ ಮಾಡಲೇ ಎಂದು ಬಹಳ ವಿನಯದಿಂದ ಕೇಳಿತು. ಮಹಬೂಬ್ ಭಾಯಿಯ ಮಾತು ಕಿವಿಯಲ್ಲಿತ್ತು. ಕಾಕುವಿನ ದನಿ ಜಗತ್ತಿನಲ್ಲಿ ಉಳಿದದ್ದು ಇಲ್ಲಿ ಮಾತ್ರ ಎಂಬುದೂ ಗೊತ್ತಿತ್ತು. ಓದುಗರೇ, ನಾನು ಬೇಡ ಅಂದೆ ಎಂದು ಬರೆಯಲು ಆಸೆ. ನಾನು ಹೂಂ ಅಂದೆ.

ಒತ್ತಿದ ಕ್ಷಣವೇ ತಪ್ಪು ಮಾಡಿದೆ ಅನ್ನಿಸಿತು. ರದ್ದು ಮಾಡಲು ಹೋದರೆ ಬಾಣದ ಗುರುತು ನಿಂತಲ್ಲೇ ನಿಂತಿತ್ತು. ಮರಳಿನ ಗಡಿಯಾರದ ಚಿತ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಅಷ್ಟು ಹೊತ್ತು ನಾನು ಯಾವ ಯಂತ್ರವನ್ನೂ ಬೇಡಿಕೊಂಡಿರಲಿಲ್ಲ. ಕೊನೆಗೆ ಒಂದು ಪುಟ್ಟ ಕಿಟಕಿ ತೆರೆಯಿತು. ಅಪ್‌ಡೇಟ್ ವಿಫಲವಾಗಿದೆ, ಈ ಕಂಪ್ಯೂಟರಿನಲ್ಲಿ ಸಾಕಷ್ಟು ಜಾಗವಿಲ್ಲ.

ಸಂಜೆ ಸುನಂದಾ ಕಾಲು ತೊಳೆದು ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಪರದೆಯ ಮುಂದೆ ಕೂತಳು. ಪಿಸುಮಾತು ಬಂದಾಗ ಅವಳು ಅಲುಗಲಿಲ್ಲ. ಹಿಂದಕ್ಕೆ ಎಳೆದು ಮತ್ತೆ ಕೇಳಿದಳು. ನಾಲ್ಕನೆಯ ಸಲಕ್ಕೆ ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವೂ ಇತ್ತು. ನನಗೆ ನಿಜಕ್ಕೂ ನೆನಪೇ ಇರಲಿಲ್ಲ ಎಂದೆ.

“ನನಗ ಇತ್ತಲ್ಲರಿ,” ಎಂದಳು. “ನಿಮ್ಮ ಬಾಜೂಕ್ಕೇ ನಿಂತಿದ್ದೆ.”

“ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ಕಾಕುನೇ ಬ್ಯಾಡ ಅಂದಿದ್ಳು. ಪಾಪ, ಹುಡುಗ ಭಾಳ ಹೆದರ್ಯಾನ, ತಾನೇ ಕಟ್ಟೇನಿ ಅಂದ್ಕೊಂಡ್ರ ಅಂದ್ಕೊಳ್ಳಲಿ ಬಿಡು, ಅಂತ. ನೀವು ಕಥಿ ಶುರು ಮಾಡಿದ್ರ ನನಗ ನಗು ತಡಿಯಂಗಿಲ್ಲ. ಅದಕ್ಕ ಒಳಗ ಹೋಗ್ತಿದ್ದೆ.”

ಇಷ್ಟು ವರ್ಷ ನಾನು ಕುಡಿದ ಚಹಾಗಳೆಲ್ಲ ಒಮ್ಮೆಲೇ ನೆನಪಾದವು. ಸುನಂದಾ ಮೊಬೈಲನ್ನು ನೆಟ್‌ಬುಕ್ಕಿನ ಬಾಯಿಗೆ ಹಿಡಿದು ದನಿ ತುಂಬಿಕೊಂಡಳು. ಮಧ್ಯೆ ಎಲ್ಲೋ ಪಕ್ಕದ ಮನೆಯ ಕುಕ್ಕರಿನ ಸೀಟಿಯೂ ಸೇರಿಕೊಂಡಿತು. ಈಗ ಅದನ್ನು ಕೇಳುವಾಗೆಲ್ಲ, ಕಾಕು ಪಿಸುಗುಟ್ಟುವಾಗ ಭಾಲ್ಕಿಯ ಆ ಬಾಗಿಲಲ್ಲಿ ಯಾರೋ ಬೇಳೆ ಬೇಯಿಸುತ್ತಿದ್ದರು ಎಂದು ನನಗೆ ನೆನಪಾಗುತ್ತದೆ.

ಅವಳು ಅಡುಗೆಗೆ ಎದ್ದ ಮೇಲೆ ನಾನು ಡೈರಿ ತೆರೆದೆ. ಒಡಪು ಕಾಕುವಿನದು ಎಂದು ಬರೆದೆ. ನೆಟ್‌ಬುಕ್ಕನ್ನು ಜೋಪಾನವಾಗಿಟ್ಟುಕೊಂಡ ನನ್ನ ದೂರದೃಷ್ಟಿಯಿಂದ ಆ ದನಿ ಉಳಿಯಿತು ಎಂದೂ ನಾಲ್ಕು ಸಾಲು ಬರೆದೆ. ಹೂಂ ಒತ್ತಿದ ಸಂಗತಿಯನ್ನೂ ಬರೆಯುವವನೇ ಇದ್ದೆ. ಆದರೆ ಆ ಪುಟದಲ್ಲಿ ಸಾಕಷ್ಟು ಜಾಗವಿರಲಿಲ್ಲ.