ಹೆಸರು ಬದಲಾಯಿಸಿ ಓದಿದ ಭಾಷಣ

ನಮ್ಮ ವಂಶದಲ್ಲಿ ಬಿ.ಎ. ಪಾಸು ಮಾಡಿದ ಮೊದಲಿಗ ನಾನು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಹೇಳುತ್ತಿದ್ದ ಅವ್ವ ಈಗ ಇಲ್ಲ. ಅವಳಿದ್ದಾಗ ನಮ್ಮೂರು ಶೆಟ್ಟಿಹಳ್ಳಿಗೆ ಸೊಪ್ಪು ಮಾರಲು ಬಂದವಳೂ ಈ ಸಂಗತಿಯನ್ನು ಕೇಳಿಸಿಕೊಳ್ಳದೆ ಬುಟ್ಟಿ ಇಳಿಸುವಂತಿರಲಿಲ್ಲ. ಎಮ್ಮೆ ಮೇಯಿಸುತ್ತ ಓದಿ, ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ಗೆದ್ದ ಡಿಗ್ರಿ. ಅಂಥದ್ದನ್ನು ಗೋಡೆಗೆ ನೇತುಹಾಕಿ ಸುಮ್ಮನೆ ಕೂರಲು ಮನಸ್ಸು ಒಪ್ಪುತ್ತದೆಯೇ? ಹೈಸ್ಕೂಲಿನ ಮೇಷ್ಟರ ಕೆಲಸ ಮುಗಿಸಿ ಬಂದು ಊರಿನ ಅರ್ಜಿ, ಲಗ್ನಪತ್ರಿಕೆ, ನೋಟೀಸಿಗೆ ಉತ್ತರ ಎಲ್ಲವನ್ನೂ ಬರೆದುಕೊಡುತ್ತಿದ್ದೆ. ಕೇಳದವರಿಗೂ ಬರೆದುಕೊಡುತ್ತಿದ್ದೆ. ನಾನು ಕೆಟ್ಟದ್ದೇ ಹಾಗೆ.

ಆಗ ಸಂಕ್ರಾಂತಿ ದಾಟಿತೆಂದರೆ ನಮ್ಮೂರ ಬಾವಿ ತಳ ತೋರಿಸುತ್ತಿತ್ತು. ಹೆಂಗಸರು ಬಿಂದಿಗೆ ಹಿಡಿದು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನ ನಲ್ಲಿಗೆ ಹೋಗಬೇಕು. ಅಲ್ಲಿನ ವಾಚ್‌ಮನ್ ಬಸಪ್ಪ ಬಿಜಾಪುರದ ಕಡೆಯವನು. "ನಿಮ್ಮೂರಾಗ ನೀರಿಲ್ಲಂತ ಬಿಡಾಕತ್ತೀನಿ, ನೋಡ್ರವಾ" ಎಂದು ಗೊಣಗಿಯೇ ಗೇಟು ತೆಗೆಯುತ್ತಿದ್ದ. ಊರಿಗೇ ಪೈಪು ಹಾಕಿಸಬೇಕೆಂದು ನಮ್ಮ ಪಕ್ಷದ ಮುನಿಯಪ್ಪಣ್ಣ ವರ್ಷಗಟ್ಟಲೆ ಕಚೇರಿ ಅಲೆದು ಮಂಜೂರಾತಿಯವರೆಗೆ ತಂದಿದ್ದರು. ವಿಧಾನಸಭೆಯ ಟಿಕೆಟ್ ಅವರಿಗೇ ಎಂದು ಊರೆಲ್ಲ ನಂಬಿತ್ತು. ನಾನಂತೂ ಒಂದು ತಿಂಗಳು ಮೊದಲೇ ಅವರ ಮೇಲೆ ಭಾಷಣ ಬರೆದು ಬಾಯಿಪಾಠ ಮಾಡಿದ್ದೆ: "ಬಸ್ಸಿಗೆ ಅಡ್ಡ ಮಲಗಿ ನಮ್ಮೂರಿಗೆ ಬಸ್ಸು ತಂದ ಧೀರ! ನಮ್ಮ ನೀರಿನ ಬವಣೆ ನೀಗಿಸಿದ ಭಗೀರಥ!" ಪೈಪು ಇನ್ನೂ ಬಂದಿರಲಿಲ್ಲ, ನಿಜ. ಗೆದ್ದರೆ ಬಂದೇ ಬರುತ್ತದಲ್ಲ ಎಂದು ಬಂದಂತೆಯೇ ಬರೆದಿದ್ದೆ.

ಟಿಕೆಟ್ ನಾಗರಾಜಯ್ಯ ಎಂಬ ಜಲ್ಲಿ ಕ್ವಾರಿಯ ಮಾಲೀಕರ ಪಾಲಾಯಿತು. ಅವರಿಗೆ ನಮ್ಮೂರು ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮುನಿಯಪ್ಪಣ್ಣ ನಮ್ಮ ಜಗುಲಿಗೆ ಬಂದು ಕೂತರು.

"ಮೇಷ್ಟ್ರೇ, ಭಾಸಣ ನೀವೇ ಮಾಡ್ಬೇಕು."

"ನಿಮಗೆ ಅನ್ಯಾಯ ಮಾಡ್ದೋರಿಗೆ ನಾನ್ಯಾಕಣ್ಣ ಮಾಡ್ಲಿ?"

"ಪಕ್ಸ ಏಳಿದ್ ಮ್ಯಾಕೆ ಮುಗೀತು ಕಣಪ್ಪ. ನಾವು ಮಕ ತಿರುಗಿಸ್ಕಂಡ್ರೆ ಪೈಪು ಇನ್ನೊಂದೂರ್ಗೆ ಓಯ್ತದೆ. ಎಣ್ಮಕ್ಕಳು ಇನ್ನೆಷ್ಟ್ ದಿನ ಇಂಗೆ ಬಿಂದಿಗೆ ಒರ್ಬೇಕು?"

ಒಪ್ಪಿಕೊಂಡೆ. ಹೊಸ ಭಾಷಣ ಬರೆಯೋಣವೆಂದರೆ ಆ ಮನುಷ್ಯನ ಬಗ್ಗೆ ಏನೂ ತಿಳಿಯದು; ಬರೆದಿಟ್ಟದ್ದನ್ನು ಹರಿಯೋಣವೆಂದರೆ ಕೈ ಬಾರದು. ಹೆಸರೊಂದನ್ನು ಹೊಡೆದು ಹಾಕಿ, ಮೇಲೆ ನಾಗರಾಜಯ್ಯ ಎಂದು ಬರೆದುಕೊಂಡೆ.

ಸಭೆ ಕ್ವಾರ್ಟರ್ಸಿನ ಪಕ್ಕದ ಬಯಲಿನಲ್ಲಿ. ಲಾರಿಯಲ್ಲಿ ಬಂದಿಳಿದ ನಮ್ಮೂರ ಹೆಂಗಸರು ಮೂರು ಗಂಟೆ ಬಿಸಿಲಲ್ಲಿ ಬೆಂದ ಮೇಲೆ ಅಭ್ಯರ್ಥಿಯ ಕಾರು ಬಂತು. ನಾನು ಮೈಕು ಹಿಡಿದೆ. ನನ್ನ ಒಂದೊಂದು ಹೊಗಳಿಕೆಗೂ ಜನ ಚಪ್ಪಾಳೆ ತಟ್ಟಿದರು, ಆದರೆ ತಟ್ಟುವಾಗೆಲ್ಲ ಕೆಳಗೆ ನೆಲದ ಮೇಲೆ ಕೂತಿದ್ದ ಮುನಿಯಪ್ಪಣ್ಣನ ಕಡೆ ತಿರುಗುತ್ತಿದ್ದರು. ವೇದಿಕೆಯ ಮೇಲೆ ನಾಗರಾಜಯ್ಯನವರು ಪ್ರತಿ ಸಲವೂ ಎದ್ದು ಕೈಮುಗಿಯುತ್ತಿದ್ದರು. ಅಷ್ಟರಲ್ಲಿ ನಮ್ಮ ಬೀದಿಯ ಮುದುಕಿ ಗಂಗಮ್ಮ ಎದ್ದು ನಿಂತಳು.

"ಅಲ್ಲ ಮೇಷ್ಟ್ರೇ, ಬಸ್ಸಿಗೆ ಅಡ್ಡ ಮನಿಕ್ಕಂಡಿದ್ದು ನಮ್ ಮುನಿಯಪ್ಪ ಅಲ್ವೇನಪ್ಪ?"

ಮುನಿಯಪ್ಪಣ್ಣ ಮೆಲ್ಲನೆ ಎದ್ದು ನಾಗರಾಜಯ್ಯನವರತ್ತ ಕೈ ತೋರಿಸಿದರು.

"ಇವ್ರೇ ಕಣಕ್ಕ ಮನಿಕ್ಕಂಡಿದ್ದು. ನಾನು ಪಕ್ಕದಾಗೆ ನಿಂತಿದ್ದೆ, ಅಷ್ಟೇಯ."

ಹೇಳಿ, ಕೂತು, ಅವರೇ ಮೊದಲು ಚಪ್ಪಾಳೆ ತಟ್ಟಿದರು. ಆಗಲೇ ನಾನು ವೇದಿಕೆ ಇಳಿದು ಹೋಗಬೇಕಿತ್ತು. ಆದರೆ ಬಾಯಿಪಾಠ ಮಾಡಿ ಪಾಸಾದವನಿಗೆ ನಡುವೆ ನಿಲ್ಲಿಸುವುದು ಬರುವುದಿಲ್ಲ. ಭಗೀರಥನ ಸಾಲೂ ಹೊರಬಂತು, ಇನ್ನಷ್ಟು ಏರಿದ ದನಿಯಲ್ಲಿ.

ಗೆದ್ದವರು ಆ ಪೈಪನ್ನು ತಮ್ಮ ಕ್ವಾರಿಯ ಕಡೆಗೆ ತಿರುಗಿಸಿಕೊಂಡದ್ದು ಆಮೇಲಿನ ಮಾತು. ಸಭೆಯ ಮರುದಿನ ಬೆಳಿಗ್ಗೆಯೇ ಹೆಂಗಸರು ಖಾಲಿ ಬಿಂದಿಗೆ ತಂದು ನಮ್ಮ ಮನೆ ಮುಂದೆ ಕುಕ್ಕಿದರು. ಬಸಪ್ಪ ಗೇಟು ತೆಗೆಯಲಿಲ್ಲವಂತೆ. ಅವ್ವ ತನ್ನ ಬಿಂದಿಗೆಯನ್ನು ನನ್ನ ಕೈಗಿತ್ತಳು. ಹೋದೆ.

"ಇಲ್ರೀ ಮಾಸ್ತರ," ಎಂದ ಬಸಪ್ಪ. "ನಿಮ್ಮೂರಾಗ ನೀರಿನ ತ್ರಾಸ ಮುಗದೈತಂತ ನಿನ್ನೆ ನೀವ ಮೈಕಿನ್ಯಾಗ ಹೇಳಿದ್ರಿ. ನಮ್ಮ ಸಾಹೇಬ್ರೂ ಕೇಳ್ಯಾರ. ಇನ್ನ ಗೇಟ್ ತಗೀಬ್ಯಾಡ ಅಂದಾರ."

"ಅದು ಸುಳ್ಳು ಕಣಯ್ಯ ಬಸಪ್ಪ. ನಾನೇ ಹೇಳ್ತಿದೀನಲ್ಲ, ಅಷ್ಟೂ ಸುಳ್ಳು!"

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕ. "ಚ್ಯಾಷ್ಟಿ ಸಾಕು ಬಿಡ್ರಿ. ಬಿ.ಎ. ಕಲ್ತವ್ರು ಅಷ್ಟ್ ಮಂದಿ ಮುಂದ ಸುಳ್ಳು ಹೇಳ್ತಾರೇನ್ರೀ?"

ನನ್ನ ಡಿಗ್ರಿಗೆ ಅಷ್ಟು ಮರ್ಯಾದೆ ಕೊಟ್ಟವರನ್ನು ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಅಂದಿನಿಂದ ಎರಡು ಮೈಲಿ ದೂರದ ತೋಟದ ಬಾವಿಯಿಂದ ನಮ್ಮ ಮನೆಗೂ ಗಂಗಮ್ಮನ ಮನೆಗೂ ನೀರು ಹೊತ್ತವನು ನಾನೇ. ಓದಿದವರು ಬಿಂದಿಗೆ ಹೊರಬಾರದು ಎಂದು ಊರಲ್ಲಿ ಒಬ್ಬರಾದರೂ ತಡೆದಿದ್ದರೆ ಕೇಳಿ.